ಬಿಜಲಿಯ ಐದನೇ ಸೂಲು

ಕೊಣ್ಣೂರ, ತಾ. ಗೋಕಾಕ
೧೪ ಡಿಸೆಂಬರ್ ೨೦೨೫, ರವಿವಾರ

ಪ್ರೀತಿಯ ಅಪ್ಪಾ,

ಸಾಲಿಯಲ್ಲಿ ನಮಗೆ ಪತ್ರ ಬರೆಯುವುದನ್ನು ಕಲಿಸುವಾಗ ತೀರ್ಥರೂಪ ಸಮಾನರಾದ ಅಂತ ಶುರು ಮಾಡಿಸಿದ್ದರು. ಹಾಗೆ ಬರೆದರೆ ಆಮೇಲೆ ನಿನ್ನನ್ನು ನೀವು, ತಾವು ಅನ್ನಬೇಕಾಗುತ್ತದೆ. ಯಾರೋ ತಹಶೀಲ್ದಾರರಿಗೆ ಬಂದ ಕಾಗದ ಅಂದುಕೊಂಡು ನೀನು ಸಿದ್ರಾಯ ಕಾಕಾನ ಕೈಗೆ ವಾಪಸ್ ಕೊಟ್ಟೀಯಾ, ಬೇಡ. ನಿನ್ನ ಆರೋಗ್ಯ ಹೇಗಿದೆ? ಎದೆಯಲ್ಲಿ ಹಿಡಿದ ಹಾಗೆ ಆಗುವುದಿಲ್ಲ ತಾನೆ? ಏರಿ ಹತ್ತುವಾಗ ದಮ್ಮು ಬಂದರೆ ನಿಂತು ಹತ್ತುತ್ತೀಯೋ ಅಥವಾ ಕುರಿ ಮುಂದೆ ಹೋದವು ಅಂತ ಓಡುತ್ತೀಯೋ? ಕಾಲು ಬಾಯುತ್ತದೆಯೇ? ಗುಳಿಗೆ ಬರೋಬರಿ ತಗೊಳ್ಳುತ್ತಿದ್ದೀಯಾ? ಈ ಕೊನೆಯ ಪ್ರಶ್ನೆಯನ್ನು ಮತ್ತೆ ಕೇಳುತ್ತೇನೆ, ಉತ್ತರ ರೆಡಿ ಮಾಡಿ ಇಟ್ಟುಕೊಂಡಿರು. ನಾನೂ ಅವ್ವನೂ ಆರಾಮ ಇದ್ದೇವೆ. ಅವ್ವನ ಮೊಣಕಾಲು ಚಳಿಗೆ ಸ್ವಲ್ಪ ತಕರಾರು ಮಾಡುತ್ತಿದೆ, ಆದರೆ ಬಾಯಿ ಮಾತ್ರ ಮೊದಲಿನ ಹಾಗೇ ಗಟ್ಟಿಯಾಗಿದೆ.

ಫೋನ್ ಇರುವಾಗ ಪತ್ರ ಯಾಕೆ ಅಂತ ನಿನಗೆ ಅನ್ನಿಸಿರಬೇಕು. ಫೋನಿನಲ್ಲಿ ನಾನು ಆಸ್ಪತ್ರೆ ಅಂದ ಕೂಡಲೇ ನೀನು "ಏ ವಿದ್ಯಾ, ಕುರಿ ಮಂದಿ ಹೊಲಕ್ಕ ನುಗ್ಗ್ಯಾವ, ಇಡ್ತೇನಿ" ಅಂತ ಕಟ್ ಮಾಡುತ್ತೀ. ಎಂಟು ತಿಂಗಳಲ್ಲಿ ನಿನ್ನ ಕುರಿಗಳು ಎಷ್ಟು ಸಲ ಹೊಲಕ್ಕೆ ನುಗ್ಗಿವೆ ಅಂದರೆ, ಅದು ಖರೆ ಆಗಿದ್ದರೆ ಮೂಡಲಗಿ ಕಡೆಯ ರೈತರು ನಿನ್ನನ್ನು ಇಷ್ಟು ಹೊತ್ತಿಗೆ ಪೊಲೀಸ್ ಠಾಣೆಗೆ ಕರೆದೊಯ್ದಿರುತ್ತಿದ್ದರು. ಪತ್ರವನ್ನು ಕಟ್ ಮಾಡಲು ಬರುವುದಿಲ್ಲ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆದು, ಗುಳಿಗೆ ಚೀಲದೊಳಗೆ ಇಟ್ಟು, ಹಿಟ್ಟು ಎಣ್ಣೆ ತರುವ ಸಿದ್ರಾಯ ಕಾಕಾನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ನಾಲ್ಕನೇ ಇಯತ್ತೆ ಪಾಸಾದವನು, ನೀನೇ ಓದಿಕೋ. ಕಾಕಾನ ಕಡೆ ಓದಿಸಬೇಡ, ಅವನು ಇಡೀ ಹಟ್ಟಿಗೆ ಕೇಳುವ ಹಾಗೆ ಓದುತ್ತಾನೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಆಮೇಲೆ ಕಥೆ. ನಾವು ಗೆದ್ದೆವು ಅಪ್ಪಾ. ವಿಮಾ ಕಂಪನಿ ನಿನ್ನ ಆಪರೇಶನ್ನಿನ ದುಡ್ಡು ಕೊಟ್ಟಿತು. ಮೊನ್ನೆ ಬುಧವಾರ ನನ್ನ ಖಾತೆಗೆ ಒಂದು ಲಕ್ಷ ಎಪ್ಪತ್ತೆರಡು ಸಾವಿರ ಜಮಾ ಆಯಿತು. ಹತ್ತಿ, ಕೈಗವಸು, ಹೆಸರು ಹಚ್ಚಿದ ಫೀ ಅಂತ ಒಂದಿಷ್ಟು ಮುರಿದುಕೊಂಡಿದ್ದಾರೆ. ಹತ್ತಿಯಿಲ್ಲದೆ ಆಪರೇಶನ್ ಹೇಗೆ ಮಾಡುತ್ತಾರೋ ಅದನ್ನು ಅವರೇ ಹೇಳಬೇಕು. ಇರಲಿ ಬಿಡು. ಮೊಬೈಲಿಗೆ ಮೆಸೇಜು ಬಂದಾಗ ನಾನು ಅಂಗಡಿಯಲ್ಲಿ ಯಾರಿಗೋ ಕೆಮ್ಮಿನ ಔಷಧಿ ಕೊಡುತ್ತಿದ್ದೆ. ಅಲ್ಲೇ ಕೌಂಟರಿನ ಹಿಂದೆ ಕೂತು ಅತ್ತೆ. ನಮ್ಮ ಮೆಡಿಕಲ್ ಅಂಗಡಿ ಮಾಲಕ ಶೆಟ್ಟೆಪ್ಪ ಕಾಕಾ ಗಾಬರಿಯಾಗಿ ಗ್ಲುಕೋಸ್ ಕಲಸಿ ಕೊಟ್ಟ.

ಈಗ ನಿನಗೆ ಗೊತ್ತಿಲ್ಲದ ಕಥೆ. ಫೆಬ್ರುವರಿಯಲ್ಲಿ ಎದೆನೋವು ಬಂದು ಬೆಳಗಾವಿಯ ಆಸ್ಪತ್ರೆಗೆ ನಿನ್ನನ್ನು ಹಾಕಿದಾಗ ನಾನು ಧೈರ್ಯವಾಗಿಯೇ ಇದ್ದೆ. ನೌಕರಿ ಸಿಕ್ಕ ಮೇಲೆ, ೨೦೨೧ರ ಮಾರ್ಚಿನಲ್ಲಿ, ನನ್ನ ಪಗಾರದಿಂದ ಮೂರೂ ಜನರ ಹೆಸರಿಗೆ ಪಾಲಿಸಿ ಮಾಡಿಸಿದ್ದೆ. ನಾಲ್ಕು ವರ್ಷ ಒಂದು ಕಂತೂ ತಪ್ಪಿಸಿರಲಿಲ್ಲ. ಆದರೆ ಕಂಪನಿಯವರು ಮೊದಲು ಆಸ್ಪತ್ರೆಗೆ ನೇರ ಕೊಡುವುದಿಲ್ಲ ಅಂದರು. ನಾವು ಹದಿನಾರು ಕುರಿ ಮಾರಿ ಬಿಲ್ಲು ಕಟ್ಟಿದೆವು. ಆಮೇಲೆ ಕಾಗದಪತ್ರ ಕಳಿಸಿದರೆ ಏಪ್ರಿಲ್‌ನಲ್ಲಿ ಕ್ಲೇಮ್ ತಿರಸ್ಕರಿಸಿದ ಪತ್ರ ಬಂತು. ಕೇಸ್ ಶೀಟಿನಲ್ಲಿ ಐದು ವರ್ಷದಿಂದ ಬಿ.ಪಿ. ಇದೆ ಅಂತ ರೋಗಿಯೇ ಹೇಳಿದ್ದಾನೆ, ಪಾಲಿಸಿಗೆ ನಾಲ್ಕೇ ವರ್ಷ, ಅಂದರೆ ರೋಗ ಮುಚ್ಚಿಟ್ಟು ಪಾಲಿಸಿ ಮಾಡಿಸಿದ್ದೀರಿ ಅಂತ ಅದರಲ್ಲಿ ಬರೆದಿತ್ತು. ಆ ಫಾರ್ಮ್ ತುಂಬಿದವಳು ನಾನು. ಅಂದರೆ ಸುಳ್ಳು ಹೇಳಿದವಳು ನಾನು ಅಂತಾಯಿತು.

ಆ ದಿನ ನಾನು ನಿನಗೆ ಏನು ಅಂದೆ ಅನ್ನುವುದು ನಿನಗೂ ನೆನಪಿದೆ, ನನಗೂ ನೆನಪಿದೆ. ನೀನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ನಿನಗೆ ಬಿ.ಪಿ. ಇತ್ತೆಂಬುದೇ ನಮಗೆ ಗೊತ್ತಿರಲಿಲ್ಲ. ಮಗಳು ಗೋಕಾಕಿನಲ್ಲಿ ಮೆಡಿಕಲ್ ಅಂಗಡಿಯಲ್ಲಿ, ಅಪ್ಪ ಊರೂರಲ್ಲಿ ಕದ್ದು ಗುಳಿಗೆ ತಗೊಳ್ಳೋದು! ಆ ಸಿಟ್ಟೂ ಸೇರಿ, ಓಣಿಯ ಮಂದಿ ಕೇಳುವ ಹಾಗೆ, "ಕುರಿ ಎಣಸಾಕ ಬರ್ತೈತಿ, ವರ್ಷ ಎಣಸಾಕ ಬರೂದಿಲ್ಲೇನ್ ನಿನಗ?" ಅಂದುಬಿಟ್ಟೆ. ನೀನು ಬಟ್ಟಲು ಕೆಳಗಿಟ್ಟು, ಕಂಬಳಿ ಹೆಗಲಿಗೆ ಹಾಕಿಕೊಂಡು, ಹಟ್ಟಿಯ ಕಡೆ ಹೊರಟೆ. ಬಾಗಿಲಲ್ಲಿ ಅವ್ವನಿಗೆ ಮಾತ್ರ "ರೊಕ್ಕ ನನ್ನ ಬಾಯಿಂದನ ಹೋತು, ಹಣಮವ್ವ" ಅಂದೆಯಂತೆ. ನಾನು ಕಲಿತವಳು, ನಾಲ್ಕು ಜನಕ್ಕೆ ಔಷಧಿ ತಿಳಿಸಿ ಹೇಳುವವಳು. ಹೆತ್ತ ಅಪ್ಪನಿಗೆ ಹಾಗೆ ಅಂದೆ. ತಪ್ಪಾಯಿತು ಅಪ್ಪಾ. ಇದನ್ನು ಫೋನಿನಲ್ಲಿ ಹೇಳಲು ಹೋದಾಗಲೂ ನಿನ್ನ ಕುರಿ ಹೊಲಕ್ಕೆ ನುಗ್ಗಿದ್ದವು.

ದಾರಿ ತೋರಿಸಿದವಳು ಅವ್ವ. ಎರಡು ದಿನದ ಮೇಲೆ ಜೋಳ ಹಸನು ಮಾಡುತ್ತಾ ಕೂತವಳು ತಲೆ ಎತ್ತದೇ ಹೇಳಿದಳು: "ನಿಮ್ಮಪ್ಪ ಐದ ವರ್ಷ ಅಂತ ಹೇಳಿರಾಕಿಲ್ಲ ನೋಡು. ಐದ ಸೂಲ ಅಂತ ಹೇಳಿರ್ತಾರ." ನನ್ನ ತಲೆಯಲ್ಲಿ ದೀಪ ಹತ್ತಿದ್ದು ಆಗ. ನೀನು ಯಾವುದನ್ನು ವರ್ಷದಲ್ಲಿ ಎಣಿಸಿದ್ದೀ ಹೇಳು! ಮನೆಗೆ ತಗಡು ಹಾಕಿದ್ದು ನಿನ್ನ ಕರಿ ಕುರಿ ಬಿಜಲಿಯ ಎರಡನೇ ಸೂಲಿಗೆ, ನನ್ನ ಪಗಾರ ಹೆಚ್ಚಾಗಿದ್ದು ಮೂರನೇ ಸೂಲಿಗೆ. ಬಿಜಲಿ ಒಂದು ಸಲ ಈದರೆ ಒಂದು ಸೂಲು, ಎಂಟು ತಿಂಗಳಿಗೊಂದು. ಕುರಿ ಕಾಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅವತ್ತು ನಾನು ಬಿಲ್ಲಿನ ಖಿಡಕಿಯ ಹತ್ತಿರ ಆಧಾರ್ ಕಾರ್ಡ್ ಹಿಡಿದು ನಿಂತಿದ್ದೆ. ಒಳಗೆ ನಿನ್ನ ಮೂಗಿಗೆ ಆಕ್ಸಿಜನ್ ಇತ್ತು, ಮುಂದೆ ಯಾವುದೋ ದೂರದ ಊರಿನ ಸಣ್ಣ ವಯಸ್ಸಿನ ಡಾಕ್ಟರು. ಬಿ.ಪಿ. ಎಷ್ಟು ವರ್ಷದಿಂದ ಅಂತ ಆತ ಕೇಳಿದ. ನೀನು ಐದು ಸೂಲು ಆತ್ರಿ ಅಂದೆ. ಆತ ಐದು ವರ್ಷ ಅಂತ ಬರೆದುಕೊಂಡ. ಅಲ್ಲಿಗೆ ನಾವು ಸುಳ್ಳರಾದೆವು.

ಅಂದೇ ನಿನಗೆ ಫೋನ್ ಮಾಡಿ, ಆಸ್ಪತ್ರೆ ಅನ್ನದೆ, ಬಿಜಲಿಯ ಮೊದಲನೇ ಸೂಲು ಎಲ್ಲಾಯಿತು ಅಂತ ಕೇಳಿದೆ. ಕುರಿ ವಿಷಯ ಅಂದಕೂಡಲೇ ನಿನ್ನ ಬಾಯಿ ಬಿಚ್ಚಿತು. "ದಡ್ಡಿ ಊರಾಗ ಆತು. ಮರಿ ಅಡ್ಡ ಬಂದಿತ್ತು, ಹೆಗಲ ಮ್ಯಾಲ ಹೊತಗೊಂಡ ದನದ ದವಾಖಾನಿಗೆ ಓಡಿದ್ದೆ. ಅಲ್ಲೇ ನನಗ ಚಕ್ಕರ ಬಂತು. ಅವರ ನನ್ನ ಬಾಜೂಕಿನ ಮಂದಿ ದವಾಖಾನಿಗೆ ಕರಕೊಂಡ ಹೋದ್ರು" ಅಂದೆ. ಆಗ ಕೊಟ್ಟ ಚೀಟಿ ಕಂಬಳಿಯ ಮಡಿಕೆಯಲ್ಲಿ ತೊಯ್ದು ಹೋಗಿತ್ತಂತೆ. ಇದನ್ನೆಲ್ಲ ಮೂರು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಿದ್ದೀಯಲ್ಲ, ಭಲೇ ಮನುಷ್ಯ ನೀನು.

ರಜೆ ಹಾಕಿ, ಅವ್ವನನ್ನು ಕರೆದುಕೊಂಡು, ಹುಕ್ಕೇರಿಯಲ್ಲಿ ಬಸ್ ಬದಲಿಸಿ ದಡ್ಡಿಗೆ ಹೋದೆ. ದನದ ದವಾಖಾನೆಯಲ್ಲಿ ಸೋಮಲಿಂಗ ಅಂತ ಒಬ್ಬರಿದ್ದಾರೆ. ನಿನ್ನ ಹೆಸರು ಹೇಳಿದರೆ ನೆನಪಾಗಲಿಲ್ಲ. ಕಿವಿಯ ಮೇಲೆ ಬಿಳಿ ಗೆರೆ ಇರುವ ಕರಿ ಕುರಿ ಅಂದ ಕೂಡಲೇ "ಓ, ಅಡ್ಡ ಮರಿದು!" ಅಂದರು. ಹಳೇ ರಜಿಸ್ಟರ್ ತೆಗೆಸಿ ಬೆರಳು ಎಳೆಯುತ್ತಾ ಹೋದರು. ಸಿಕ್ಕಿತು ಅಪ್ಪಾ: ೯ ನವೆಂಬರ್ ೨೦೨೧, ಕುರಿ, ಕಷ್ಟದ ಹೆರಿಗೆ, ಮಾಲಕ ಹೊಳೆಪ್ಪ, ಸಾ. ಕೊಣ್ಣೂರ. ಆ ತಾರೀಖು ಹಿಡಿದುಕೊಂಡು ಪಕ್ಕದ ಆರೋಗ್ಯ ಕೇಂದ್ರಕ್ಕೆ ಹೋದೆವು. ನರ್ಸಮ್ಮ ಅದೇ ದಿನದ ಹಾಳೆ ತೆಗೆದರು. ಅಲ್ಲಿಯೂ ನೀನು ಇದ್ದೆ, ಹೊಸ ರೋಗಿ, ತಲೆ ಸುತ್ತು, ಬಿ.ಪಿ. ೧೭೦/೧೦೦, ಮೊದಲನೇ ಸಲ ಕಂಡಿದ್ದು. ಪಾಲಿಸಿ ಆದ ಎಂಟು ತಿಂಗಳ ಮೇಲೆ. ಎರಡೂ ಕಡೆ ಸಹಿ ಶಿಕ್ಕಾ ಹಾಕಿಸಿಕೊಂಡೆ. ಬರುವಾಗ ಅವ್ವ ಬಸ್ಸಿನಲ್ಲಿ ನಕ್ಕಿದ್ದೇ ನಕ್ಕಿದ್ದು.

ಕಂಪನಿಯ ದೂರು ವಿಭಾಗಕ್ಕೆ ಕಳಿಸಿದೆ. ತಿಂಗಳು ಕಾಯಿಸಿ, ಹಳೇ ಉತ್ತರಕ್ಕೇ ಹೊಸ ತಾರೀಖು ಹಾಕಿ ಕಳಿಸಿದರು. ಫೋನ್ ಮಾಡಿದರೆ ಒಂದು ಹುಡುಗಿ ಬಹಳ ಸವಿಯಾಗಿ, ಕೇಸ್ ಶೀಟೇ ಕೊನೆ ಮೇಡಂ ಅಂದಳು. ನಾನು, ಕೊನೆ ಅನ್ನೋದನ್ನ ನೀವು ಹೇಳಬ್ಯಾಡ್ರಿ ಅಂದು, ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆದೆ. ಅದಕ್ಕೆ ವಕೀಲರು ಬೇಕಿಲ್ಲ, ಫೀ ಇಲ್ಲ. ಗೊತ್ತಿಲ್ಲದೆ ಎಷ್ಟೋ ಮಂದಿ ತಿರಸ್ಕಾರದ ಪತ್ರ ಬಂದ ದಿನವೇ ಕೈ ಬಿಡುತ್ತಾರೆ. ಅಕ್ಟೋಬರಿನಲ್ಲಿ ಅಂಗಡಿಯ ಹಿಂದಿನ ಖೋಲಿಯಲ್ಲಿ ಕೂತು, ಮೊಬೈಲಿನಲ್ಲೇ ವಿಚಾರಣೆ ನಡೆಯಿತು. ಲೋಕಪಾಲ ಸಾಹೇಬರು ಸಮಾಧಾನದಿಂದ ಕೇಳಿದರು. ಕಂಪನಿಯವನು ಸೂಲು ಗೀಲು ಅಂತ ಈಗ ಕಟ್ಟಿ ಹೇಳುತ್ತಿದ್ದಾರೆ ಅಂದ. ಅಷ್ಟರಲ್ಲಿ ಅವ್ವ ನನ್ನನ್ನು ಸರಿಸಿ ಮುಖವನ್ನು ಮೊಬೈಲಿಗೇ ತಂದು, "ಸಾಹೇಬ್ರ, ನಮ್ಮ ಮನ್ಯಾಗೂ ಕ್ಯಾಲೆಂಡರ್ ಐತ್ರಿ. ಖರೆ ಅದನ್ನ ನೋಡಾಕ ಇವರು ಮನ್ಯಾಗ ಎಲ್ಲಿರ್ತಾರ್ರಿ? ಇವರ ಮುಂದ ಇರೂದು ಕುರಿ. ಅದನ್ನ ನೋಡೇ ದಿನಾ ಎಣಸ್ತಾರ್ರಿ" ಅಂದಳು. ಸಾಹೇಬರು ಎರಡೂ ರಜಿಸ್ಟರಿನ ನಕಲು ಮುಂದಿಟ್ಟುಕೊಂಡು ಬೆರಳಲ್ಲಿ ಲೆಕ್ಕ ಹಾಕಿದರು. ೨೦೨೧ರ ನವೆಂಬರಿನಿಂದ ಈ ವರ್ಷದ ಫೆಬ್ರುವರಿಯವರೆಗೆ ಐದು ಸೂಲು ಬರೋಬರಿ ಬಂತು, ದುಡ್ಡು ಕೊಡಿ ಅಂತ ಕಂಪನಿಗೆ ಆದೇಶ ಮಾಡಿದರು. ನಿನ್ನ ಲೆಕ್ಕದಲ್ಲಿ ಒಂದು ಮರಿಯೂ ಹೆಚ್ಚು ಕಡಿಮೆ ಇರಲಿಲ್ಲ ಅಪ್ಪಾ. ತಪ್ಪಿದ್ದು ಬರೆದುಕೊಂಡವರದು, ಮತ್ತು ನಿನ್ನನ್ನು ಕೇಳದೆ ಬೈದ ನನ್ನದು.

ಇನ್ನೊಂದು ತಪ್ಪನ್ನೂ ಒಪ್ಪಿಕೊಂಡು ಬಿಡುತ್ತೇನೆ. ರಕ್ತ ತೆಳ್ಳಗಿಡುವ ಆ ಗುಳಿಗೆ ಇದೆಯಲ್ಲ, ಬೆಳಗ್ಗೆ ಸಂಜೆ ತಗೊಳ್ಳುವುದು. ಇಷ್ಟು ದಿನ ನಿನಗೆ ನಾನು ಕೊಡುತ್ತಿದ್ದುದು ಚೀಟಿಯಲ್ಲಿ ಬರೆದ ದುಬಾರಿ ಕಂಪನಿಯದ್ದೇ, ಒಂದು ಪಟ್ಟಿಗೆ ನಾಲ್ಕು ನೂರರ ಮೇಲೆ. ಅದೇ ಔಷಧಿ, ಅಷ್ಟೇ ತೂಕದ್ದು, ಬೇರೆ ಹೆಸರಿನಲ್ಲಿ ನೂರರ ಒಳಗೆ ಸಿಗುತ್ತದೆ ಅಂತ ನನಗೆ ಗೊತ್ತಿತ್ತು. ಬೇರೆಯವರಿಗೆ ಡಾಕ್ಟರನ್ನು ಕೇಳಿ ಬದಲಿಸಿಕೊಳ್ಳಿ ಅಂತ ಹೇಳಿಕೊಡುವವಳೂ ನಾನೇ. ನಿನ್ನ ವಿಷಯಕ್ಕೆ ಮಾತ್ರ, ನಮ್ಮಪ್ಪನಿಗೆ ತುಟ್ಟಿಯದೇ ಇರಲಿ ಅಂತ ಒಣ ಹೆಮ್ಮೆ ಮಾಡಿದೆ. ಪಟ್ಟಿಯ ಮೇಲಿನ ಬೆಲೆ ನೀನು ಓದುತ್ತೀ ಅನ್ನುವುದು ನನ್ನ ತಲೆಗೆ ಬರಲಿಲ್ಲ. ಹೋದ ವಾರ ಬೆಳಗಾವಿಗೆ ಹೋಗಿ ನಿನ್ನ ಡಾಕ್ಟರನ್ನೇ ಕೇಳಿದೆ. ಧಾರಾಳವಾಗಿ ಬದಲಿಸು ಅಂತ ಚೀಟಿಯಲ್ಲಿ ಬರೆದೇ ಕೊಟ್ಟರು. ಆದ್ದರಿಂದ ಈ ಸಲದ ಗುಳಿಗೆಯ ಬಣ್ಣ ಬೇರೆ ಇದೆ, ಕೆಲಸ ಅದೇ.

ಬಂದ ದುಡ್ಡಿನಲ್ಲಿ ಸಂಕ್ರಮಣದ ನಂತರ ಕುರಿ ತರೋಣ, ಆರಿಸುವವನು ನೀನೇ. ಅವ್ವ ನಿನಗೆ ಶೇಂಗಾ ಹಿಂಡಿ, ಸಜ್ಜಿ ರೊಟ್ಟಿ ಕಳಿಸಿದ್ದಾಳೆ. ಹಿಂಡಿಗೆ ಉಪ್ಪು ಕಡಿಮೆ ಹಾಕಿದ್ದಾಳೆ, ರುಚಿ ಇಲ್ಲ ಅಂತ ಬಯ್ಯಬೇಡ. ಬೀರಪ್ಪ ದೇವರು ನಿನ್ನನ್ನೂ ಮಂದೆಯನ್ನೂ ಕಾಯಲಿ. ಸಿದ್ರಾಯ ಕಾಕಾನಿಗೆ ನಮಸ್ಕಾರ, ಬಿಜಲಿಗೆ ನನ್ನ ಕಡೆಯಿಂದ ಒಂದು ಬೆಲ್ಲದ ಚೂರು.

ನಿನ್ನ ಮಗಳು,
ವಿದ್ಯಾ

ತಾ.ಕ.: ಕಾಕಾ ಹೊರಗೆ ಗಾಡಿ ಚಾಲೂ ಮಾಡಿ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನೀನು ಗುರುತಿಗೆ ಅಂತ ತಿರುಗಿ ಕಳಿಸುವ ಖಾಲಿ ಪಟ್ಟಿಗಳನ್ನು ನಾನು ಸುಮ್ಮನೆ ಎಸೆಯುವುದಿಲ್ಲ ಅಪ್ಪಾ, ಎಣಿಸುತ್ತೇನೆ. ಎರಡು ತಿಂಗಳಿಂದ, ತಿಂಗಳಿಗೆ ನಾಲ್ಕು ಬರಬೇಕಾದಲ್ಲಿ ಎರಡೇ ಬರುತ್ತಿವೆ. ಹೋದ ಸಲದ ಒಂದರಲ್ಲಿ ಅರ್ಧ ಗುಳಿಗೆ ಉಳಿದಿತ್ತು. ಅದನ್ನು ಕತ್ತರಿಸಿದ್ದು ಉಣ್ಣೆ ಕತ್ತರಿಯಿಂದ ಅಂತ ಅದರ ಅಂಚಿಗೆ ಅಂಟಿದ ಕರಿ ಕೂದಲೇ ಹೇಳಿತು. ನನ್ನ ಮಾತಿಗೆ ನೊಂದು, ಕಳೆದ ದುಡ್ಡನ್ನು ನಿನ್ನ ಗುಳಿಗೆಯಲ್ಲಿ ಉಳಿಸುತ್ತಿದ್ದೀ ಅಂತ ಆ ದಿನವೇ ತಿಳಿಯಿತು. ಅರ್ಧ ತಗೊಂಡರೆ ಎದೆಯೊಳಗೆ ಹಾಕಿದ ಸ್ಟೆಂಟ್ ಮತ್ತೆ ಕಟ್ಟಿಕೊಳ್ಳುತ್ತದೆ, ಆಗ ಯಾವ ಲೋಕಪಾಲರೂ ನನಗೆ ನಿನ್ನನ್ನು ತಿರುಗಿ ಕೊಡಿಸುವುದಿಲ್ಲ. ಈಗ ದುಡ್ಡು ಬಂದಿದೆ, ಗುಳಿಗೆ ಅಗ್ಗವಾಗಿದೆ, ನಿನ್ನ ಹತ್ತಿರ ಯಾವ ನೆಪವೂ ಉಳಿದಿಲ್ಲ. ಆ ಕತ್ತರಿಯನ್ನು ಕಾಕಾನ ಕೈಯಲ್ಲಿ ಮನೆಗೆ ಕಳಿಸು, ಉಣ್ಣೆ ಕತ್ತರಿಸುವ ಹೊತ್ತಿಗೆ ನಾನೇ ತರುತ್ತೇನೆ. ಎಲ್ಲಿಯವರೆಗೆ ತಗೊಳ್ಳಬೇಕು ಅಂತ ಡಾಕ್ಟರು ಚೀಟಿಯಲ್ಲಿ ತಿಂಗಳ ಹೆಸರು ಬರೆದಿದ್ದಾರೆ. ನಾನು ಚೀಲದ ಮೇಲೆ ನಿನಗೆ ತಿಳಿಯುವ ಹಾಗೆ ಬರೆದಿದ್ದೇನೆ, ನೋಡಿಕೋ: ಬಿಜಲಿ ಎಂಟನೇ ಸೂಲು ಈಯುವವರೆಗೆ, ಬೆಳಗ್ಗೆ ಒಂದು, ಸಂಜೆ ಒಂದು, ಇಡೀ.