ಬೀಜದ ಮುಡಿಯ ಪಕ್ಕ ಇಟ್ಟ ಬ್ಯಾಟರಿ

ಅಂಕೋಲಾ,
೨೬ ಮೇ ೨೦೨೫, ಸೋಮವಾರ

ಪ್ರೀತಿಯ ತಮ್ಮಾ ಯೋಗೇಶಾ,

ಹೇಗಿದ್ದೀ? ಸಿಮೆಂಟಿನ ಧೂಳಿಗೆ ಹತ್ತಿದ ಕೆಮ್ಮು ಇಳಿಯಿತಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಸದಾಶಿವಗಡದ ಆ ಗೂಡಂಗಡಿಯ ಬನ್ನು-ಚಹಾದಲ್ಲೇ ದಿನ ತಳ್ಳುತ್ತೀಯಾ? ಕೇಳಬೇಕಾದ್ದು ಕೇಳಿದೆ. ಈಗ ಓದುವುದನ್ನು ನಿಲ್ಲಿಸು. ಎದ್ದು ಹೋಗಿ ನಿನ್ನ ರಿಮೋಟ್ ಕಾರಿನ ಆ ಇನ್ನೊಂದು ಬ್ಯಾಟರಿ ಚಾರ್ಜಿನಲ್ಲಿದ್ದರೆ ಕಿತ್ತು, ಶೆಡ್ಡಿನ ಹೊರಗೆ ಇಡು. ಇಟ್ಟು ಬಂದು ಮುಂದೆ ಓದು. ಬಂಡಿಹಬ್ಬದ ದಿನ ನಾಲ್ಕು ಜನರ ಮುಂದೆ "ಮೀಸೆ ಬಂದ ಮೇಲೆ ಆಟಿಕೆ ಕಾರೇನೋ" ಅಂದೆ ಅಂತ ನನ್ನ ನಂಬರನ್ನೇ ಬ್ಲಾಕ್ ಮಾಡಿ ಕೂತಿದ್ದೀಯಲ್ಲ, ಆ ಜಗಳ ಆಮೇಲೆ ಆಡೋಣ. ನಿನ್ನ ರೇಸಿನ ದೋಸ್ತ ರವಿಕಿರಣ ನಿನ್ನೆಯಿಂದ ಫೋನ್ ಮಾಡಿದರೂ ನಿನ್ನದು ಸ್ವಿಚ್ ಆಫ್, ಅದಕ್ಕೇ ಅವನು ಕಾರವಾರದ ಬಸ್ಸಿಗೆ ಹೊರಟು ನಿಂತಿದ್ದಾನೆ. ಅವನ ಕೈಯಲ್ಲೇ ಈ ಕಾಗದ ಕೊಡುತ್ತಿದ್ದೇನೆ.

ನಿನ್ನೆ ನಮ್ಮ ಅಡುಗೆಮನೆಗೆ ಬೆಂಕಿ ಬಿತ್ತು. ಹಬ್ಬಕ್ಕೆ ಬಂದವನು ಹೊರಡುವಾಗ ಒಂದು ಬ್ಯಾಟರಿ ಅವ್ವೆಯ ಕೈಯಲ್ಲಿಟ್ಟು "ಜೋಪಾನ ಅವ್ವೇ, ಥಂಡಿ ತಾಗಬಾರದು" ಅಂದೆಯಲ್ಲ? ಅಷ್ಟೇ ಅಂದೆ. ಬೀಚಿನಲ್ಲಿ ಕಾರು ಪಲ್ಟಿ ಹೊಡೆದಾಗ ಅದಕ್ಕೆ ಪೆಟ್ಟು ಬಿದ್ದು ಹೊಟ್ಟೆ ಉಬ್ಬಿದೆ ಅನ್ನಲಿಲ್ಲ. ತುಂಬ ಚಾರ್ಜ್ ಆಗಿದೆ ಅನ್ನಲಿಲ್ಲ. ಬಿಸಿಗೆ ಇಡಬೇಡ ಅನ್ನಲಿಲ್ಲ. ಈ ಸಲ ಮಳೆ ಮೇ ತಿಂಗಳಿಗೇ ಬಂದು ಗೋಡೆಯೆಲ್ಲ ಬೆವರುತ್ತಿತ್ತು. ನಮ್ಮ ಮನೆಯಲ್ಲಿ ಥಂಡಿ ತಾಗಬಾರದ ವಸ್ತು ಎಲ್ಲಿರುತ್ತದೆ ಹೇಳು? ಒಲೆಯ ಮೇಲಿನ ಅಟ್ಟದಲ್ಲಿ, ಹುಲ್ಲು ಸುತ್ತಿ ಕಟ್ಟಿದ ಬೀಜದ ಭತ್ತದ ಮುಡಿಗಳ ಪಕ್ಕ. ಅವ್ವೆ ನಿನ್ನ ಬ್ಯಾಟರಿಯನ್ನು ತನ್ನ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಅಲ್ಲೇ ಇಟ್ಟಳು. "ಬಾಣಂತಿ ಹಾಂಗೆ ಬೆಚ್ಚಗೆ ಇರ್ಲಿ" ಅಂದಳು. ನಾನೂ ನಕ್ಕೆ. ಅಜ್ಜಿಯ ಕಾಲದಿಂದ ಬೀಜಕ್ಕೆ ಹುಳ ಹತ್ತದ ಹಾಗೆ ಕಾದ ಹೊಗೆ ಅದು. ಅದೇ ಜಾಗ ನಿನ್ನ ಲಿಥಿಯಂ ಬ್ಯಾಟರಿಗೆ ಚಿತೆ ಅಂತ ನಮಗೆ ಯಾರು ಹೇಳಿದ್ದರು?

ನಿನ್ನೆ ಸಂಜೆ ಭತ್ತ ಬೇಯಿಸಲು ಒಲೆಗೆ ದೊಡ್ಡ ಬೆಂಕಿ ಹಾಕಿದ್ದೆವು. ಮೇಲಿಂದ ಸುಯ್ ಅಂತ ಸದ್ದು. "ಹಾವು ಹೊಕ್ಕಿದೆ ಮಗಾ, ಕೋಲು ತಾ" ಅಂದಳು ಅವ್ವೆ. ಕೋಲು ತರುವುದರೊಳಗೆ ಬಿಳಿ ಹೊಗೆ, ಮೂಗು ಒಡೆಯುವ ವಾಸನೆ, ಆಮೇಲೆ ಪಿಚಕಾರಿಯ ಹಾಗೆ ಚಿಮ್ಮಿದ ಜ್ವಾಲೆ. ಒಣ ಹುಲ್ಲಿನ ಮುಡಿಗೆ ಇನ್ನೇನು ಬೇಕು? ನಾನು ಕೊಕ್ಕೆಯಿಂದ ಎರಡು ಮುಡಿ ಎಳೆದು ಅಂಗಳದ ಕೆಸರಿಗೆ ಎಸೆದೆ. ಪಕ್ಕದ ಮನೆಯ ಹುಲಿಯಾ ಮಾವ ಬುಟ್ಟಿ ಬುಟ್ಟಿ ಮರಳು ತಂದು ಸುರಿದ. ಮನೆ ಉಳಿಯಿತು. ಈ ವರ್ಷದ ಬೀಜದಲ್ಲಿ ಅರ್ಧ ಹೋಯಿತು. ಮುಡಿ ಎಳೆಯಲು ಹೋಗಿ ಅವ್ವೆಯ ಬಲಗೈ ಸುಟ್ಟಿದೆ. ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟಿದ್ದಾರೆ, ಬೆರಳು ಮಡಚಲು ಆಗುತ್ತಿಲ್ಲ. ಇನ್ನೇನು ಸಸಿ ಹಾಕಬೇಕು, ನಟ್ಟಿ ಬರುತ್ತದೆ. ಅವಳ ಬಲಗೈ ಅಂದರೆ ಏನು ಅಂತ ನಿನಗೆ ಬರೆದು ತಿಳಿಸಬೇಕಾ?

ಸುದ್ದಿ ಕೇಳಿ ಓಡಿ ಬಂದ ರವಿಕಿರಣ ತಲೆ ತಲೆ ಚಚ್ಚಿಕೊಂಡ. ಎರಡೂ ಬ್ಯಾಟರಿ ಒಂದೇ ಕಾರಿನಲ್ಲಿ ಪಲ್ಟಿ ತಿಂದವು, ನಿನ್ನ ಹತ್ತಿರ ಇರುವುದಕ್ಕೂ ಪೆಟ್ಟು ಬಿದ್ದಿದೆ ಅಂದ. ಅವನು ಹೇಳಿದ್ದು ಬರೆಯುತ್ತೇನೆ, ಆಟ ಅಂದುಕೊಳ್ಳಬೇಡ. ಉಬ್ಬಿದ್ದಕ್ಕೆ ಮತ್ತೆ ಚಾರ್ಜ್ ಇಲ್ಲ. ಹುಣ್ಣು ಒಡೆದ ಹಾಗೆ ದಬ್ಬಣ ಚುಚ್ಚಿ ಗಾಳಿ ತೆಗೆಯುವ ಕೆಲಸ ಅಂತೂ ಮಾಡಲೇಬೇಡ. ಚಲೋ ಬ್ಯಾಟರಿಯನ್ನೂ ಓಡಿಸಿ ಬಂದ ಬಿಸಿಯಲ್ಲೇ ಪ್ಲಗ್ಗಿಗೆ ಸಿಕ್ಕಿಸಬಾರದು, ಆರಬೇಕು. ಅದಕ್ಕೆಂದೇ ಮಾಡಿದ ಚಾರ್ಜರ್ ಬೇಕು, ಕಲ್ಲಿನ ಮೇಲೋ ಸಿಮೆಂಟಿನ ಮೇಲೋ ಇಟ್ಟು ಕಣ್ಣೆದುರೇ ಚಾರ್ಜ್ ಆಗಬೇಕು. ಸುಮ್ಮನೆ ಇಡುವಾಗ ಅರ್ಧ ಚಾರ್ಜ್ ಸಾಕು. ನೀನು ಮಾಡುತ್ತಿದ್ದುದೇನು? "ರಾತ್ರಿ ದಿಂಬಿನ ಹತ್ತಿರ ಹಾಕಿ ಮಲಗಿದ್ರೆ ಬೆಳಿಗ್ಗೆ ತಯಾರು" ಅಂತ ಹಬ್ಬದ ದಿನ ಜಂಭ ಕೊಚ್ಚಿದ್ದೆ. ನೀನು ಮಲಗುವ ಜಾಗ ನಾನು ನೋಡಿದ್ದೇನೆ ತಮ್ಮಾ. ತಗಡಿನ ಶೆಡ್, ಚಾಪೆಗೆ ಚಾಪೆ ತಾಗಿಸಿ ಮಲಗುವ ಜನ, ಒಂದೇ ಬಾಗಿಲು, ಸಾಮಾನು ಕಳುವಾಗುತ್ತದೆ ಅಂತ ಗುತ್ತಿಗೆದಾರ ಹೊರಗಿನಿಂದ ಜಡಿಯುವ ಬೀಗ. ಬೆಂಕಿಗೆ ಭೇದವಿಲ್ಲ ಅನ್ನುತ್ತಾರೆ. ಸುಳ್ಳು. ಬೀಗದ ಒಳಗೆ ಇರುವವರು ಯಾವಾಗಲೂ ನಮ್ಮವರೇ. ನಾಳೆ ನೀವೆಲ್ಲ ಬೂದಿಯಾದರೆ "ಶಾರ್ಟ್ ಸರ್ಕ್ಯೂಟ್" ಅಂತ ಒಂದು ಸಾಲು ಬರೆದು ಫೈಲು ಮುಚ್ಚುತ್ತಾರೆ. ಬ್ಯಾಟರಿಯ ಮೇಲೆ ಇರುವೆ ಕಾಲಿನಷ್ಟು ಅಕ್ಷರದಲ್ಲಿ, ನಮ್ಮ ಹುಲಿಯಾ ಮಾವ ಓದಲಾಗದ ಭಾಷೆಯಲ್ಲಿ, ಎಚ್ಚರಿಕೆ ಅಚ್ಚು ಹಾಕಿದವನೂ ಕೈ ತೊಳೆದುಕೊಳ್ಳುತ್ತಾನೆ. ಬೀಗ ಒಳಗಿನಿಂದ ಹಾಕುವಂತಾಗಬೇಕು ಅಂತ ಅಲ್ಲಿಯ ಜನರನ್ನು ಕೂಡಿಸಿ ಕೇಳು. ಹೆದರಿದರೆ ನನಗೆ ಹೇಳು, ನಾನೇ ಬಂದು ಕೇಳುತ್ತೇನೆ.

ರವಿಕಿರಣನ ಕೈಯಲ್ಲಿ ಒಂದು ಮಡಕೆ ಇದೆ. ಅದರಲ್ಲಿ ಒಣ ಮರಳು. ಮಳೆಗೆ ಊರಿನ ಮರಳೆಲ್ಲ ಒದ್ದೆಯಾಗಿತ್ತು, ಅವ್ವೆ ಬಾಣಲೆಯಲ್ಲಿ ಹುರಿದು ಒಣಗಿಸಿದಳು, ಎಡಗೈಯಲ್ಲಿ. ಆ ಬ್ಯಾಟರಿಯನ್ನು ಅದರೊಳಗೆ ಹೂತು, ಜನರಿಂದ ದೂರ, ಬಯಲಿನಲ್ಲಿ ಇಡು. ಮುಂದೆ ಅದನ್ನು ಎಲ್ಲಿ ಕೊಡಬೇಕು ಅಂತ ರವಿಕಿರಣ ವಿಚಾರಿಸುತ್ತಾನೆ. ಕಸಕ್ಕೆ ಎಸೆಯಬೇಡ, ಕಸ ಹೆಕ್ಕುವವರ ಕೈಯೂ ಕೈಯೇ.

ಅವ್ವೆ ನಿನ್ನ ತಲೆ ಮುಟ್ಟಿ ಹರಸಿದ್ದಾಳೆ ಅಂದುಕೋ. ಮಾವನೂ ನೆನೆದ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಉಳಿದದ್ದೂ ಹಾಗೇ ಇದೆ.

ನಿನ್ನ ಅಕ್ಕ,
ಸುನೀತಾ

ತಾ.ಕ.: ಅವ್ವೆ ಹಿತ್ತಲಿಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಮುಡಿ ಎಳೆಯಲು ಹೋಗಿ ಕೈ ಸುಟ್ಟಿತು ಅಂತ ಮೇಲೆ ಬರೆದದ್ದು ಅವಳು ಹೇಳಿ ಬರೆಸಿದ್ದು. ನಿಜ ಅದಲ್ಲ. ಮುಡಿಗಳು ಉರಿಯುತ್ತಿದ್ದವು, ಅವಳು ಅವನ್ನು ನೋಡಲೂ ಇಲ್ಲ. ಏಣಿ ಹತ್ತಿ ಹೊಗೆಯೊಳಗೆ ಕೈ ಹಾಕಿದ್ದು ನಿನ್ನ ಬ್ಯಾಟರಿಗೆ. "ಬಿಡ್ರೇ ನನ್ನ, ಯೋಗೇಶ ಜೋಪಾನ ಅಂದಾನೆ" ಅಂತ ಕೂಗುತ್ತಿದ್ದಳು. ನೀನು ಬಾಯಿ ತುದಿಯಲ್ಲಿ ಅಂದ ಒಂದು ಮಾತಿಗೆ. ನಾನು ಹೇಳಿದ್ದನ್ನು ನೀನು ಇನ್ನೂ ಮಾಡಿಲ್ಲದಿದ್ದರೆ, ಈಗ ಏಳು.