ಅರಿಶಿನ ಇಳಿದ ಲೇಖನಿ

ಸಹಕಾರನಗರ
19 ನವೆಂಬರ್ 2025

ಪ್ರೀತಿಯ ಹರಿಪ್ರಿಯಾ,

ಎಂದಿನಂತೆ ಆಶೀರ್ವಾದದಿಂದ ಆರಂಭಿಸಲು ಇಂದು ಕೈ ಬರುತ್ತಿಲ್ಲ. ಪ್ರೀತಿಯನ್ನಷ್ಟೇ ಬರೆದಿದ್ದೇನೆ, ಅದರಲ್ಲಿ ಕೊರತೆಯಿಲ್ಲ.

ನಮ್ಮ ನಿವೃತ್ತ ಶಿಕ್ಷಕರ ಸಂಘದ ಪತ್ರಿಕೆಯಲ್ಲಿ ಕಾರ್ಯದರ್ಶಿಯಾಗಿ ನೀನು ಬರೆದ ವರದಿ ತಲುಪಿತು. "ಮನ್ಸೂರ್ ಎಂಬುವರು ಮಾದರಿಯಾಗಿ ಕೊಟ್ಟ ಮರದ ಲೇಖನಿ ಮೊದಲೇ ಸೀಳಿದ್ದು, ಅದನ್ನು ಮೇಣದಿಂದ ಮುಚ್ಚಿದ್ದರೆಂಬುದನ್ನು ಅಧ್ಯಕ್ಷೆ ಸತ್ಯವತಿಯವರು ಪತ್ತೆಹಚ್ಚಿದರು" ಎಂದು ಅದರಲ್ಲಿದೆ. ಇದು ತಪ್ಪು. ಆ ಲೇಖನಿ ನನ್ನ ಕೈಗೆ ಬಂದಾಗ ಅದರಲ್ಲಿ ಕೂದಲೆಳೆಯಷ್ಟೂ ಸೀಳಿರಲಿಲ್ಲ. ಅದು ಸೀಳಿದ್ದು ನನ್ನ ಮನೆಯಲ್ಲಿ. ಮೇಣ ತುಂಬಿದವಳೂ ನಾನೇ.

ನಿನ್ನನ್ನು ದೂರುತ್ತಿಲ್ಲ. ನಾನು ಸಭೆಯಲ್ಲಿ ಹೇಳಿದ್ದನ್ನೇ ನೀನು ಬರೆದೆ. ಆ ವರದಿಯನ್ನು ಮೊದಲ ಸಲ ಓದಿದಾಗ ಹಳೆಯ ಅಭ್ಯಾಸದಂತೆ ಎರಡು ಅಕ್ಷರದೋಷಗಳಿಗೆ ಕೆಂಪು ಗುರುತು ಹಾಕಿದೆ. ಸುಳ್ಳಿಗೆ ಹಾಕಲಿಲ್ಲ. ಅದು ನನ್ನದಾಗಿತ್ತು.

ನಡೆದುದನ್ನು ಕ್ರಮವಾಗಿ ಬರೆಯುತ್ತೇನೆ. ರಾಜ್ಯೋತ್ಸವದಂದು ಹಿರಿಯ ಶಿಕ್ಷಕರಿಗೆ ಶಾಲು ಹೊದಿಸುವ ಬದಲು ಒಳ್ಳೆಯ ಲೇಖನಿ ಕೊಡೋಣ ಎಂದು ಸೂಚಿಸಿದವಳು ನಾನು. ಅದಕ್ಕಾಗಿ ಸೆಪ್ಟೆಂಬರಿನಲ್ಲಿ ನಾವಿಬ್ಬರೂ ಚಿಕ್ಕಬಾಣಾವರದ ರೈಲು ನಿಲ್ದಾಣದ ಹಿಂದಿರುವ ಮನ್ಸೂರರ ಮನೆಗೆ ಹೋಗಿದ್ದೆವು. ಯಶವಂತಪುರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಲೇಥ್ ಯಂತ್ರ ನಡೆಸಿ ನಿವೃತ್ತರಾದವರು. ಈಗ ಮನೆಯ ಮುಂದಿನ ತಗಡಿನ ಕೊಠಡಿಯಲ್ಲಿ ಸಣ್ಣ ಲೇಥ್ ಇಟ್ಟುಕೊಂಡು ಮರದ ಲೇಖನಿ ಕಡೆಯುತ್ತಾರೆ. ಹಾವಿನ ಮೈಯಂತೆ ಕಪ್ಪು ಚುಕ್ಕೆಗಳಿದ್ದ ಆ ಕೆಂಪು ಮರವನ್ನು ಕಂಡು ಮಾರುಹೋದವಳೂ ನಾನೇ. ಸ್ನೇಕ್‌ವುಡ್ ಎಂದರು. ದಕ್ಷಿಣ ಅಮೆರಿಕದ್ದಂತೆ. ಪಿಟೀಲಿನ ಕಮಾನು ಮಾಡುವವರು ಕತ್ತರಿಸಿ ಉಳಿಸಿದ ತುಂಡುಗಳು ಅವರಿಗೆ ಸಿಗುತ್ತವೆ.

"ಬೇರೆ ಮರ ತಗೊಳ್ಳಿ ಮೇಡಂ, ಇದು ಮಹಾ ಕೋಪಿಷ್ಠ" ಎಂದು ಅವರು ಮೊದಲೇ ಹೇಳಿದರು. ತುಂಡಿನ ಎರಡೂ ತುದಿಗೆ ಮೇಣ ಬಳಿದು ಒಂದು ವರ್ಷ ಮಂಚದ ಕೆಳಗೆ ಇಡಬೇಕು. ರಂಧ್ರ ಕೊರೆಯುವಾಗ ಬಿಸಿಯಾದರೆ ಸೀಳುತ್ತದೆ, ಆದ್ದರಿಂದ ಸ್ವಲ್ಪ ಕೊರೆದು, ಬಿಟ್ಟು, ತಣಿದ ಮೇಲೆ ಮತ್ತೆ ಸ್ವಲ್ಪ. ಹತ್ತು ತುಂಡು ಹಿಡಿದರೆ ನಾಲ್ಕು ಲೇಖನಿ ಉಳಿದರೆ ಹೆಚ್ಚು. ನಾನು ಹಠ ಹಿಡಿದೆ. ಮಾದರಿ ಲೇಖನಿಯನ್ನು ನನ್ನ ಕೈಗಿಡುತ್ತಾ ಅವರು ಹೇಳಿದ ಮಾತಿಗೆ ನೀನು ನಕ್ಕಿದ್ದೆ: "ನೀರು ತಾಗಿಸ್ಬೇಡಿ, ಬಿಸ್ಲಲ್ಲಿ ಇಡ್ಬೇಡಿ, ಬೆಂಕಿ ಹತ್ರ ಅಂತೂ ಬೇಡ್ವೇ ಬೇಡ. ಹೊಸ ಅಳಿಯನ್ ಥರ ನೋಡ್ಕೊಳ್ಳಿ ಮೇಡಂ."

ನಾನು ಕೇಳಿಸಿಕೊಂಡಿದ್ದೆ. ಮರೆತೆನೆಂದು ಹೇಳಲಾರೆ.

ನವರಾತ್ರಿಯ ಸರಸ್ವತಿ ಪೂಜೆಯಂದು ನಮ್ಮ ಮನೆಯಲ್ಲಿ ಪುಸ್ತಕಗಳನ್ನೂ ಲೇಖನಿಗಳನ್ನೂ ದೇವರ ಮುಂದಿಟ್ಟು ವಿಜಯದಶಮಿಯವರೆಗೆ ಮುಟ್ಟುವುದಿಲ್ಲ. ಆ ಲೇಖನಿಯನ್ನೂ ಇಟ್ಟೆ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿದೆ. ಪಕ್ಕದಲ್ಲೇ ತುಪ್ಪದ ದೀಪಗಳು. ದಶಮಿಯ ಬೆಳಿಗ್ಗೆ ಬರೆಯಲೆಂದು ಎತ್ತಿಕೊಂಡರೆ ಕ್ಲಿಪ್ಪಿನ ಬದಿಯಿಂದ ತುದಿಯವರೆಗೆ ಸೀಳಿತ್ತು. ಬೆರಳುಗುರು ಹೋಗುವಷ್ಟು. ಮೇಣದ ಬತ್ತಿಯ ಚೂರನ್ನು ಅದರೊಳಗೆ ಉಜ್ಜಿ, ಬಟ್ಟೆಯಿಂದ ಒರೆಸಿ, ಚೀಲದಲ್ಲಿಟ್ಟುಕೊಂಡೆ.

ಅಕ್ಟೋಬರ್ ಐದರ ಸಭೆಗೆ ಮನ್ಸೂರರು ಬಂದಿದ್ದರು. ಉಳಿದ ಲೇಖನಿಗಳ ಕೆಲಸ ಎಷ್ಟಾಗಿದೆಯೆಂದು ತಿಳಿಸಲು ನಾವೇ ಕರೆಸಿದ್ದೆವು. ಕೋಶಾಧಿಕಾರಿ ವಿಜಯ್ ಕುಮಾರ್ ಮಾದರಿಯನ್ನು ಕೇಳಿ ಪಡೆದು, ಉಗುರಿನಿಂದ ಗೀರಿ, ಮೇಣ ಎಬ್ಬಿಸಿ, "ಏನ್ರೀ ಮೇಡಂ ಇದು, ಸ್ನೇಕ್‌ವುಡ್ ಅಂದ್ರೆ ಪೊರೆ ಬಿಡುತ್ತಾ?" ಎಂದರು. ಎಲ್ಲರೂ ನಕ್ಕರು. ನನ್ನ ಕಡೆ ನೋಡಿ ನಕ್ಕರೆಂದು ನನಗೆ ತೋರಿತು. ನನ್ನಿಂದ ಹಾಳಾಯಿತು ಎಂದರೆ ಮುಗಿಯುತ್ತಿತ್ತು. ನಲವತ್ತು ವರ್ಷ ಮಕ್ಕಳ ಬಾಯಿಂದ ಎಷ್ಟು ಸಲ ಆ ಮಾತನ್ನು ಹೊರಡಿಸಿದ್ದೇನೆ! ನಾನು ಮನ್ಸೂರರ ಕಡೆ ತಿರುಗಿ, "ಸೀಳಿದ್ದನ್ನು ಮೇಣದಲ್ಲಿ ಮುಚ್ಚಿ ಕೊಟ್ಟಿದ್ದೀರಿ. ಕನ್ನಡದಲ್ಲಿ ಇದಕ್ಕೆ ವಂಚನೆ ಎನ್ನುತ್ತಾರೆ" ಎಂದೆ.

ಅವರು ಲೇಖನಿಯನ್ನು ಕೇಳಿ ಪಡೆದು ಕಿಟಕಿಯ ಬೆಳಕಿಗೆ ಹಿಡಿದರು. ಸೀಳಿನೊಳಗೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. "ಆಯ್ತು ಮೇಡಂ, ತಪ್ಪಾಯ್ತು" ಎಂದು ಜೇಬಿಗಿಟ್ಟುಕೊಂಡು ಹೊರಟುಹೋದರು. ಅವರು ಒಪ್ಪಿಕೊಂಡರೆಂದು ನೀವೆಲ್ಲ ತಿಳಿದಿರಿ. ತಿಳಿಯಲಿ ಎಂದು ನಾನು ಸುಮ್ಮನಿದ್ದೆ.

ಅವರಿಗೆ ಕೊಟ್ಟ ಬೇಡಿಕೆಯನ್ನು ಕೈಬಿಟ್ಟು, ರಾಜ್ಯೋತ್ಸವಕ್ಕೆ ಶಾಲುಗಳನ್ನೇ ಹೊದಿಸಿದೆವು. ಆ ಮಾತು ಸಭೆಯಲ್ಲೇ ನಿಲ್ಲಲಿಲ್ಲ. ನಮ್ಮ ವಾಟ್ಸಾಪ್ ಗುಂಪಿನಿಂದ ಇನ್ನೊಂದಕ್ಕೆ ಹೋಯಿತು. ಆರ್.ಟಿ. ನಗರದ ಅಂಗಡಿಯೊಂದು ಅವರ ಲೇಖನಿಗಳನ್ನೆಲ್ಲ ಹಿಂದಿರುಗಿಸಿತೆಂದು ಹೋದ ವಾರ ನೀನೇ ಫೋನಿನಲ್ಲಿ ಹೇಳಿದೆ. "ಒಳ್ಳೇದಾಯ್ತು ಬಿಡಿ ಅಕ್ಕಾ, ನಿಮ್ ಕಣ್ಣಿಗೆ ಬಿತ್ತು" ಎಂದೂ ನೀನು ಅಂದೆ. ಆ ಮೆಚ್ಚುಗೆಯನ್ನು ನುಂಗಲು ನನ್ನಿಂದಾಗಲಿಲ್ಲ. ಮರುದಿನ ಆಟೋ ಹಿಡಿದು ಚಿಕ್ಕಬಾಣಾವರಕ್ಕೆ ಹೋದೆ.

ಬಾಗಿಲಲ್ಲಿ ಅವರ ಹೆಂಡತಿ ನನ್ನನ್ನು ಗುರುತಿಸಿ, "ಬನ್ನಿ ಮೇಡಂ. ಇನ್ನೂ ಏನಾದ್ರೂ ಬಾಕಿ ಉಳ್ಕೊಂಡಿತ್ತಾ ಹೇಳೋಕೆ?" ಎಂದರು. ಮನ್ಸೂರರು ಒಳಗಿನಿಂದ, "ಸುಮ್ನಿರು, ಕುರ್ಚಿ ತಗೊಂಡ್ಬಾ" ಎಂದರು. ಲೇಥ್ ಮೇಲೆ ಬಟ್ಟೆ ಹೊದಿಸಿತ್ತು. ಆ ಲೇಖನಿಯನ್ನು ಅವರು ಉದ್ದಕ್ಕೆ ಕುಯ್ದು ಎರಡು ಹೋಳು ಮಾಡಿಟ್ಟಿದ್ದರು. ತಮ್ಮದೇ ಕೆಲಸದಲ್ಲಿ ತಪ್ಪಿತ್ತೇನೋ ಎಂದು ನೋಡಲು. ಒಳಗಿನ ಹಿತ್ತಾಳೆಯ ಕೊಳವೆಯವರೆಗೂ ಮರ ಹಳದಿಯಾಗಿತ್ತು.

ಪೂಜೆಗೆ ಇಟ್ಟಿದ್ದೆ, ಅರಿಶಿನ ಹಚ್ಚಿದ್ದೆ, ದೀಪದ ಬಿಸಿ ತಗುಲಿತು ಎಂದು ಹೇಳಿದೆ. ಕ್ಷಮೆ ಕೇಳಿದೆ. ಸಭೆಯಲ್ಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ, ಅದೂ ಅವರ ತಪ್ಪೇ ಎಂಬಂತೆ.

"ಅರಿಶಿನ ಅವತ್ತೇ ಕಾಣಿಸ್ತು ಮೇಡಂ" ಎಂದರು. "ಪೂಜೆ ಮಾಡಿದ್ಕೆ ಪೆನ್ನು ಸೀಳ್ತು ಅಂತ ನಾನು, ಅಷ್ಟು ಜನದ ಮುಂದೆ, ಬಾಯ್ಬಿಟ್ರೆ ಪೆನ್ನಿನ ಮಾತು ಅಲ್ಲೇ ಬಿದ್ದೋಗುತ್ತೆ. ಬೇರೆ ಮಾತು ಶುರುವಾಗುತ್ತೆ. ಅದಕ್ಕಿಂತ ಕೆಟ್ಟ ಕೆಲಸಗಾರ ಅನ್ನಿಸ್ಕೊಳ್ಳೋದೇ ವಾಸಿ."

ಆಮೇಲೆ ಹೋಳಿನ ಮೇಲೆ ಹೆಬ್ಬೆರಳು ಆಡಿಸುತ್ತಾ, "ಆದ್ರೆ ಹೊರಗಡೆ ಹಚ್ಚಿದ್ ಅರಿಶಿನ ಇಷ್ಟು ಒಳಗೆ ಇಳಿಯಲ್ಲ ಮೇಡಂ" ಎಂದರು. ನಾನು ದೀಪದ ಬಿಸಿಯ ಮಾತನ್ನೇ ಮತ್ತೊಮ್ಮೆ ಹೇಳಿದೆ. "ಇರ್ಬೋದು" ಎಂದರು. ಅವರ ಹೆಂಡತಿ ಚಹಾ ತಂದುಕೊಟ್ಟರು. ಕುಡಿದೆ.

ಹರಿಪ್ರಿಯಾ, ಬರುವ ಭಾನುವಾರ, ಇಪ್ಪತ್ತಮೂರರಂದು, ಮಹಾಸಭೆ. ಅಲ್ಲಿ ನಿನ್ನ ವರದಿಯ ಬದಲು ಈ ಪತ್ರವನ್ನು ಓದು. ನಾನೂ ಅಲ್ಲಿಯೇ ಕುಳಿತಿರುತ್ತೇನೆ. ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಮೊದಲ ಪುಟದಲ್ಲೇ ಬರಲಿ, ವಾಟ್ಸಾಪ್ ಗುಂಪಿಗೂ ಹೋಗಲಿ. ಆರ್.ಟಿ. ನಗರದ ಅಂಗಡಿಗೆ ನಾನೇ ಹೋಗಿ ಹೇಳಿ ಬರುತ್ತೇನೆ. ಅಧ್ಯಕ್ಷ ಸ್ಥಾನಕ್ಕೆ ಬೇರೆಯವರನ್ನು ಹುಡುಕಿ. ನನ್ನ ವಯಸ್ಸನ್ನು ಕಾರಣವಾಗಿ ಬರೆಯಬೇಡ.

ಇಷ್ಟು ದಿನ ನಿನ್ನಿಂದ ಅಕ್ಕಾ ಎನ್ನಿಸಿಕೊಂಡ,
ಸತ್ಯವತಿ

ತಾ.ಕ.: ಸಹಿ ಹಾಕಿ, ಲಕೋಟೆ ಅಂಟಿಸಿ, ಮತ್ತೆ ಒಡೆದಿದ್ದೇನೆ. ಅರಿಶಿನ ಹಚ್ಚಿದೆ ಎಂದು ಮೇಲೆ ಬರೆದದ್ದು ಅರ್ಧ ಸತ್ಯ. ಪೂಜೆಗೆ ಮುನ್ನ ಆ ಲೇಖನಿಯನ್ನು ಅರಿಶಿನದ ನೀರಿನಲ್ಲಿ ಮುಳುಗಿಸಿ ಒಂದು ಮಧ್ಯಾಹ್ನವಿಡೀ ಇಟ್ಟಿದ್ದೆ. ಮಡಿ ಎಂದುಕೊಂಡೆ. ದೇವರ ಮುಂದೆ ಇನ್ನೂ ಐದು ಲೇಖನಿಗಳಿದ್ದವು. ಅವು ಯಾರ್ಯಾರ ಕೈ ದಾಟಿ ಬಂದವೋ ನನಗೆ ತಿಳಿಯದು, ಒಂದನ್ನೂ ತೊಳೆಯಲಿಲ್ಲ. ಇದನ್ನು ಮಾಡಿದವರ ಹೆಸರು ನನಗೆ ಗೊತ್ತಿತ್ತು.

ಮನ್ಸೂರರಿಗೆ ಊಹೆಯಿದೆ. ಅವರು ಇದನ್ನು ಸಭೆಯಲ್ಲಿ ಮೊದಲ ಸಲ ಕೇಳುವಂತಾಗಬಾರದು. ನಾಳೆ ಬೆಳಿಗ್ಗೆ ಹೋಗಿ ನಾನೇ ಹೇಳಿ, ಮಹಾಸಭೆಗೂ ಕರೆಯುತ್ತೇನೆ. ಅವರು ಬೇಡವೆನ್ನದಿದ್ದರೆ ಈ ಸಾಲುಗಳನ್ನೂ ಬಿಡದೆ ಓದು. ಅಕ್ಟೋಬರ್ ಐದರಂದು ಹಾಜರಿದ್ದವರೆಲ್ಲರೂ ಕೇಳಬೇಕು: ವಿಜಯ್ ಕುಮಾರ್, ಶೇಷಗಿರಿ, ಮುನಿಶಾಮಪ್ಪ, ಸತೀಶ್, ವೇದಾ, ಹರಿಪ್ರಿಯಾ, ಸತ್ಯವತಿ, ಮನ್ಸೂರ್.