ಖಾಲಿ ಎಂದು ಚೀಟಿ ಕಟ್ಟಿದ ಕೋವಿ

ನಮ್ಮ ಕೌಂಟಿಯ ಶೆರಿಫ್ ಸಾಹೇಬರೇ,

ನೀವು ನನ್ನ ಮಗಳ ಕೋವಿಯನ್ನು ಎರಡನೇ ಸಲ ಮಾರಲು ಹೊರಟಿದ್ದೀರಿ. ಬರುವ ಶನಿವಾರದ ಜಪ್ತಿ ಮಾಲಿನ ಹರಾಜಿನ ಪಟ್ಟಿಯಲ್ಲಿ ಮೂವತ್ತೊಂದನೇ ಸಾಮಾನು ಅದೇ. ಫೋಟೋ ಚೆನ್ನಾಗಿ ಬಂದಿದೆ. ಮರದ ಹಿಡಿಯ ಮೇಲೆ ನನ್ನ ಅಪ್ಪ ಚಾಕುವಿನಿಂದ ಕೆತ್ತಿದ ‘ಓಪಲ್’ ಎಂಬ ಹೆಸರು ಕನ್ನಡಕವಿಲ್ಲದೆಯೂ ಓದಬಹುದು. ಗುಂಡು ಹಾರಿಸಲು ಒತ್ತುವ ಕುದುರೆಯ ಸುತ್ತಲಿನ ಬಳೆಗೆ ಹೊಚ್ಚ ಹೊಸ ಹಸಿರು ಚೀಟಿ ನೇತಾಡುತ್ತಿದೆ: ‘ಪರಿಶೀಲಿಸಲಾಗಿದೆ. ಖಾಲಿ.’ ಮೂರು ವಾರದ ಹಿಂದೆ ಇದೇ ಚೀಟಿ ಕಟ್ಟಿಕೊಂಡು ನಮ್ಮ ಮನೆಗೆ ಬಂದ ಇದೇ ಕೋವಿಯಿಂದ ಹೊರಟ ಗುಂಡು, ಏಳು ತಿಂಗಳ ಓಪಲ್ ಮಲಗಿದ್ದ ತೊಟ್ಟಿಲಿನ ಪಟ್ಟಿಯನ್ನು ಸೀಳಿ, ಅವಳ ತಲೆಯಿಂದ ಒಂದು ಗೇಣು ಮೇಲೆ ಹಾದುಹೋಯಿತು.

ನಿಮ್ಮ ವರದಿಯ ಮೂರನೇ ಸಾಲು ನನಗೆ ಬಾಯಿಪಾಠವಾಗಿದೆ. ‘ಮನೆಯವರೇ ತೋಟಾ ತುಂಬಿಸಿಟ್ಟಿದ್ದ ಕೋವಿ, ತಾಯಿಯ ಅಜಾಗರೂಕತೆ.’ ಈ ಸಾಲನ್ನು ಮುಂದಿಟ್ಟುಕೊಂಡು ಮಕ್ಕಳ ರಕ್ಷಣಾ ಕಚೇರಿಯವರು ಸೋಮವಾರ ಕೂರುತ್ತಾರೆ. ಓಪಲ್ ನನ್ನ ಬಳಿ ಇರಬೇಕೋ, ಯಾರೋ ಅಪರಿಚಿತರ ಮನೆಗೆ ಹೋಗಬೇಕೋ ಎಂದು ತೀರ್ಮಾನಿಸುತ್ತಾರೆ. ಗಂಡ ಕೋಯ್, ನದಿಯ ಸರಕು ದೋಣಿಯಲ್ಲಿ ಕೆಲಸ ಮಾಡುವವನು, ಇಪ್ಪತ್ತೆಂಟು ದಿನ ನೀರಿನ ಮೇಲೆ. ಅವನು ದಡ ಹತ್ತುವಷ್ಟರಲ್ಲಿ ಮನೆಯಲ್ಲಿ ತೊಟ್ಟಿಲು ಇರುತ್ತದೆ, ಮಗು ಇರುತ್ತದೆಯೋ ಇಲ್ಲವೋ. ಇಂಥ ಸಾಲೊಂದನ್ನು ಬರೆಯಲು ನಿಮ್ಮ ಕಚೇರಿಗೆ ಎಷ್ಟು ನಿಮಿಷ ಹಿಡಿಯಿತು, ಸಾಹೇಬರೇ? ಕಾಫಿ ಆರುವ ಮೊದಲೇ ಮುಗಿದಿತ್ತೇ?

ನಡೆದದ್ದನ್ನು ನಿಮ್ಮ ವರದಿ ಹೇಳಲಿಲ್ಲ. ನಾನು ಹೇಳುತ್ತೇನೆ, ಈ ಪತ್ರಿಕೆಯಲ್ಲೇ ಇಡೀ ಊರು ಓದಲಿ.

ನಮ್ಮ ಬೆಟ್ಟಗಳಲ್ಲಿ ಮಗು ಹುಟ್ಟಿದ ವರ್ಷವೇ ಅದರ ಅಳಿಲು ಬೇಟೆಯ ಕೋವಿಯನ್ನು ಆರಿಸಿಡುತ್ತಾರೆ. ಅದು ಬೀರುವಿನಲ್ಲಿ ಬೀಗದೊಳಗೆ ಹತ್ತು ವರ್ಷ ಕಾಯುತ್ತದೆ. ನನ್ನದೂ ಹಾಗೆ ಕಾದಿತ್ತು, ನಿಮ್ಮದೂ ಕಾದಿದ್ದಿರಬೇಕು. ಓಪಲ್‌ಗೆ ಆರಿಸಲೆಂದು ಅಪ್ಪನೊಂದಿಗೆ ನಿಮ್ಮ ಹರಾಜಿಗೆ ಬಂದೆ. ಅಪ್ಪ ವರ್ಜಿಲ್ ನಲವತ್ತು ವರ್ಷ ಕಲ್ಲಿದ್ದಲು ಗಣಿಯಲ್ಲಿದ್ದವರು. ಅಳಿಲಿನ ಸಾರಿಗೆ ಹಿಟ್ಟು ಹುರಿಯುವ ವಿಷಯದಲ್ಲೂ ಕೋವಿಯ ವಿಷಯದಲ್ಲೂ ಬೇರೆಯವರ ಮಾತು ಕೇಳಿದವರಲ್ಲ.

ಮೇಜಿನ ಮೇಲೆ ಇಪ್ಪತ್ತೆರಡರ ಅಳತೆಯ ಸಣ್ಣ ಗುಂಡಿನ ಕೋವಿಗಳು ಮೂರಿದ್ದವು. ಒಂದು, ಒಂದೇ ಗುಂಡು ಹಿಡಿಯುವಂಥದ್ದು. ಇನ್ನೊಂದು, ತೋಟಾಗಳನ್ನು ಪುಟ್ಟ ಡಬ್ಬಿಯಲ್ಲಿ ತುಂಬಿ ಕೆಳಗಿನಿಂದ ಸಿಕ್ಕಿಸುವ ಅರೆ ಸ್ವಯಂಚಾಲಿತ. ಮೂರನೆಯದೂ ಅರೆ ಸ್ವಯಂಚಾಲಿತವೇ, ಆದರೆ ನಳಿಗೆಯ ಕೆಳಗೆ ಉದ್ದಕ್ಕೂ ಕೊಳವೆ. ಹದಿನಾಲ್ಕು ತೋಟಾ ಒಂದರ ಹಿಂದೊಂದು ಸಾಲಾಗಿ ಕೂರುತ್ತವೆ, ಅದರೊಳಗೆ ತೂರಿಸುವ ಒಳಕೊಳವೆಯ ಸ್ಪ್ರಿಂಗ್ ಅವನ್ನು ಹಿಂದಕ್ಕೆ ನೂಕುತ್ತದೆ.

ನಾನು ಒಂದೇ ಗುಂಡಿನದನ್ನು ಎತ್ತಿಕೊಂಡೆ.

“ಕಲಿಯೋಕೆ ಒಳ್ಳೇದು, ಬಿಡು. ಆದ್ರೆ ಅಳಿಲು ನಿನ್ನ ಮಗಳಿಗೆ ಇನ್ನೊಂದು ತುಂಬ್ಕೋ ಪುಟ್ಟಾ ಅಂತ ನಿಂತ್ಕೊಂಡು ಕಾಯಲ್ಲ ಕಣೇ,” ಎಂದರು ಅಪ್ಪ.

“ಸರಿ, ಡಬ್ಬಿಯದ್ದು?”

“ಡಬ್ಬೀನ? ಕೋಯ್ ಎಷ್ಟು ಡಬ್ಬಿ ಕಳ್ದಿದಾನೆ ಕೇಳು ಹೋಗು. ಕೊಳವೆ ಹಂಗಲ್ಲ, ಕೋವಿ ಜೊತೆಗೇ ಹುಟ್ಟಿ ಕೋವಿ ಜೊತೆಗೇ ಸಾಯತ್ತೆ. ಮುಂದೆ ತೂಕ ಇರೋದ್ರಿಂದ ಮಗು ಕೈಯೂ ನಡುಗಲ್ಲ.”

ಒಪ್ಪುವ ಮಾತೇ. ಆದರೂ ನನಗೊಂದು ಅಳುಕಿತ್ತು. ಡಬ್ಬಿಯನ್ನು ಕಿತ್ತರೆ ಒಳಗಿನ ತೋಟಾಗಳೂ ಅದರೊಂದಿಗೇ ಹೊರಗೆ ಬರುತ್ತವೆ. ಕೊಳವೆಯದ್ದು ಹಾಗಲ್ಲ. ಒಳಕೊಳವೆಯನ್ನು ಎಳೆದು ಕೋವಿಯನ್ನು ಬಗ್ಗಿಸಿ ಸುರಿಯಬೇಕು. ಜಿಡ್ಡು ಹಿಡಿದು ಒಂದು ತೋಟಾ ಒಳಗೇ ಕಚ್ಚಿಕೊಂಡರೆ ಕಣ್ಣಿಗೆ ಕಾಣುವುದಿಲ್ಲ. ಮೇಜಿನ ಮೇಲೆ ಅರ್ಧ ಹೊರಗೆಳೆದೇ ಇಟ್ಟಿದ್ದ ಒಳಕೊಳವೆಯನ್ನು ಪೂರ್ತಿ ಎಳೆದೆ, ಬಗ್ಗಿಸಿದೆ, ಏನೂ ಬೀಳಲಿಲ್ಲ. ನಳಿಗೆಯನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಎಳೆದು ಅದರ ಬುಡಕ್ಕೆ ಕಿರುಬೆರಳಿಟ್ಟು ನೋಡಿದೆ, ಅಲ್ಲೂ ಏನಿಲ್ಲ. ಆದರೆ ಹೊರಕೊಳವೆಯ ಮಧ್ಯದಲ್ಲಿ ಒಂದು ತಗ್ಗು, ಯಾರೋ ಕಲ್ಲಿಗೆ ತಾಗಿಸಿದಂತೆ. ಮೇಜಿನಾಚೆ ನಿಂತಿದ್ದ ನಿಮ್ಮ ಡೆಪ್ಯುಟಿಯನ್ನು ಕೇಳಿದೆ: “ಇಲ್ಲಿ ತಗ್ಗಿದೆಯಲ್ಲಾ, ಒಳಗೆ ಏನಾದ್ರೂ ಸಿಕ್ಕಾಕ್ಕೊಂಡಿದ್ರೆ? ಒಂದು ಕಡ್ಡಿ ತೂರಿಸಿ ನೋಡಿದೀರಾ?”

ಅವರು ಚೀಟಿಯನ್ನು ಬೆರಳಿನಿಂದ ಚಿಮ್ಮಿದರು. “ಅಮ್ಮಾವ್ರೇ, ಚೀಟಿ ಓದಿ. ಕಾಲೇಜಿಗೆ ಹೋದೋರಲ್ವಾ ನೀವು?”

ಸಾಲಿನಲ್ಲಿದ್ದವರು ನಕ್ಕರು. ಅಪ್ಪನೂ ನಕ್ಕರು. ಕಂಕುಳಲ್ಲಿ ಮಗು, ಏಳು ತಿಂಗಳಿಂದ ನಿದ್ದೆಗೆ ಸರಿಯಾಗಿ ಮುಚ್ಚದ ನನ್ನ ಕಣ್ಣು. ನಾನೂ ನಕ್ಕು, ಹರಾಜಿನಲ್ಲಿ ಆ ಕೊಳವೆಯ ಕೋವಿಯನ್ನೇ ಕೂಗಿ ಕೊಂಡೆ. ಆ ನಗುವನ್ನು ನನಗೆ ನಾನೇ ಕ್ಷಮಿಸಿಲ್ಲ. ನಿಮ್ಮನ್ನು ಕ್ಷಮಿಸುವ ಮಾತು ದೂರವೇ ಉಳಿಯಿತು.

ಮರುದಿನ ಮಧ್ಯಾಹ್ನ ಅಪ್ಪ ಜಗಲಿಯಲ್ಲಿ ಕೂತು ಹಿಡಿಯ ಮೇಲೆ ಹೆಸರು ಕೆತ್ತಿ ಮುಗಿಸಿದರು. ಅಡುಗೆಮನೆಗೆ ಬಂದು, ಹರಾಜಿನಿಂದಲೂ ಹೊರಗೇ ಇದ್ದ ಒಳಕೊಳವೆಯನ್ನು ಮತ್ತೆ ಕೂರಿಸಿ ತಿರುಗಿಸಿದರು. ಸಾಹೇಬರೇ, ಇದನ್ನು ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಯಾರೂ ಇದನ್ನು ಯೋಚಿಸಿಲ್ಲ. ಒಳಕೊಳವೆ ಹೊರಗಿದ್ದಾಗ ಕೋವಿ ನಿಜಕ್ಕೂ ಖಾಲಿಯಂತೆಯೇ ಕಾಣುತ್ತದೆ, ಏಕೆಂದರೆ ತಗ್ಗಿನಲ್ಲಿ ಕಚ್ಚಿಕೊಂಡ ತೋಟಾವನ್ನು ನೂಕುವ ಸ್ಪ್ರಿಂಗ್ ಇಲ್ಲ. ಒಳಕೊಳವೆ ಕೂರಿಸಿದ ಗಳಿಗೆ ಸ್ಪ್ರಿಂಗ್ ಅದನ್ನು ಬಿಡಿಸಿ ಹಿಂದಕ್ಕೆ ತಳ್ಳುತ್ತದೆ. ಅಪ್ಪ ಬೋಲ್ಟ್ ಎಳೆದು ಬಿಟ್ಟರು, ತೋಟಾ ನಳಿಗೆಯೊಳಗೆ ಹೋಗಿ ಕೂತಿತು. “ಆಹಾ, ಏನ್ ಸದ್ದು ನೋಡೇ ರೇಲಿನ್, ಹೊಲಿಗೆ ಮಿಷನ್ ಇದ್ದಂಗಿದೆ,” ಎಂದರು. ಬೀರುವಿಗೆ ಹೋಗುವ ಕೋವಿಯ ಕುದುರೆಯ ಸ್ಪ್ರಿಂಗ್ ಬಿಗಿದೇ ಉಳಿದು ದಣಿಯಬಾರದೆಂದು ಇಲ್ಲಿನ ಹಳಬರೆಲ್ಲ ಮಾಡುವಂತೆ, ಗೋಡೆಗೆ ಹಿಡಿದು ಕುದುರೆ ಒತ್ತಿದರು.

ಗೋಡೆಯಾಚೆ ಓಪಲ್ ಮಲಗಿದ್ದಳು.

ನಾನು ಓಡಿದಾಗ ಅವಳು ಎದ್ದಿದ್ದಳು, ಅಳುತ್ತಿರಲಿಲ್ಲ. ತೊಟ್ಟಿಲಿನ ಪಟ್ಟಿಯಿಂದ ಉದುರಿದ ಮರದ ಚೂರನ್ನು ಕೂದಲಲ್ಲಿ ಸಿಕ್ಕಿಸಿಕೊಂಡು ಕಿಟಕಿಯ ಕಡೆ ನೋಡುತ್ತಿದ್ದಳು. ಗುಂಡು ಆಚೆಯ ಒಗೆದ ಬಟ್ಟೆಯ ಮೂಟೆಯಲ್ಲಿ ನಿಂತಿತ್ತು.

ಗೋಡೆಗೆ ಹಿಡಿದದ್ದು ಅಪ್ಪನ ತಪ್ಪು. ಅದನ್ನು ನಾನು ಮುಚ್ಚಿಡುವುದಿಲ್ಲ, ಅವರೂ ಮುಚ್ಚಿಡುವುದಿಲ್ಲ. ಅಂದಿನಿಂದ ಅವರು ಮೊಮ್ಮಗಳನ್ನು ಎತ್ತಿಕೊಂಡಿಲ್ಲ. ಅವಳು ಕೈ ಚಾಚಿದರೆ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅಂಗಳಕ್ಕೆ ಹೋಗುತ್ತಾರೆ. ನಮ್ಮ ತಪ್ಪಿಗೆ ನಮ್ಮ ಮನೆಯಲ್ಲಿ ಶಿಕ್ಷೆ ನಡೆಯುತ್ತಿದೆ. ನಿಮ್ಮ ತಪ್ಪಿಗೆ ಎಲ್ಲಿ ನಡೆಯುತ್ತಿದೆ?

ಇನ್ನೊಂದು ಮಾತು ಊರಿಗೆ ಗೊತ್ತಿರಲಿ. ನಿಮ್ಮ ಕಚೇರಿಗೆ ಫೋನು ಮಾಡಿದವಳು ನಾನೇ. ದೂರಲು ಮಾಡಲಿಲ್ಲ. ಆ ಮೇಜಿನಿಂದ ಇನ್ನೂ ಹತ್ತು ಮನೆಗೆ ಹಸಿರು ಚೀಟಿಯ ಕೋವಿಗಳು ಹೋಗಿದ್ದವು, ಅವರನ್ನು ಎಚ್ಚರಿಸಿ ಎಂದು ಹೇಳಲು ಮಾಡಿದೆ. ಬಂದವರು ಅದೇ ಡೆಪ್ಯುಟಿ.

“ಏನ್ರೀ, ಖಾಲಿ ಕೋವಿ ತಾನಾಗೇ ಹೊಟ್ಟೆ ತುಂಬಿಸ್ಕೊಂಡ್ಬಿಡ್ತಾ?” ಎಂದರು.

“ನಮ್ಮನೇಲಿ ಇಪ್ಪತ್ತೆರಡರ ತೋಟಾ ಒಂದೂ ಇಲ್ಲ. ಬೀರು ತೆಗೀತೀನಿ, ನೋಡಿ.”

“ಅದೆಲ್ಲ ಬೇಡ. ತುಂಬಿದ ಕೋವಿ, ಪಕ್ಕದಲ್ಲೇ ಮಗು. ಅಷ್ಟು ಸಾಕು ನಂಗೆ.”

ಕೋವಿಯನ್ನು ಜಪ್ತಿ ಮಾಡಿ ಒಯ್ದರು. ಬೀರು ನೋಡಲಿಲ್ಲ. ಕೊಳವೆ ನೋಡಲಿಲ್ಲ. ಹಾರಿದ ತೋಟಾದ ಖಾಲಿ ಚಿಪ್ಪು ಎಲ್ಲಿ ಬಿತ್ತೆಂದು ಹುಡುಕಲಿಲ್ಲ. ಅರೆ ಸ್ವಯಂಚಾಲಿತ ಕೋವಿ ಚಿಪ್ಪನ್ನು ತಾನೇ ಪಕ್ಕಕ್ಕೆ ಎಸೆಯುತ್ತದೆ ಎಂಬುದು ಇಲ್ಲಿ ಐದನೇ ತರಗತಿಯ ಮಕ್ಕಳಿಗೂ ಗೊತ್ತು. ನಿಮ್ಮ ಡೆಪ್ಯುಟಿ ಎಷ್ಟನೇ ತರಗತಿಯವರೆಗೆ ಓದಿದ್ದಾರೆ? ಅವರು ನನ್ನ ಕಾಲೇಜನ್ನು ವಿಚಾರಿಸಿದ್ದರು, ಅದಕ್ಕೆ ಕೇಳುತ್ತಿದ್ದೇನೆ.

ಚಿಪ್ಪು ಸಿಕ್ಕಿದೆ, ಸಾಹೇಬರೇ. ನಾಲ್ಕನೇ ದಿನ ಅಡುಗೆಮನೆಯ ಬುಟ್ಟಿಯಲ್ಲಿದ್ದ ಓಪಲ್‌ಳ ಬಟ್ಟೆ ಮಡಚುವಾಗ ಒಂದು ಪುಟ್ಟ ಕಾಲುಚೀಲದೊಳಗಿಂದ ಬಿತ್ತು. ಕಾಲೇಜಿನಲ್ಲಿ ನಾನು ರಸಾಯನಶಾಸ್ತ್ರ ಓದಿದವಳು. ಹಿತ್ತಾಳೆಗೆ ಅಷ್ಟು ದಪ್ಪನೆಯ ಹಸಿರು ಕಿಲುಬು ಒಂದು ರಾತ್ರಿಯಲ್ಲಿ ಹಿಡಿಯುವುದಿಲ್ಲ, ವರ್ಷಗಳು ಬೇಕು. ಆ ವರ್ಷಗಳಲ್ಲಿ ಕೋವಿ ಇದ್ದದ್ದು ನಿಮ್ಮ ಜಪ್ತಿ ಕೋಣೆಯಲ್ಲಿ; ನಿಮ್ಮ ಪಟ್ಟಿಯೇ ಹಾಗೆ ಹೇಳುತ್ತದೆ. ಚಿಪ್ಪನ್ನು ಮಗುವಿನ ಊಟದ ಗಾಜಿನ ಶೀಶೆಯಲ್ಲಿಟ್ಟಿದ್ದೇನೆ. ಈ ಪತ್ರಿಕೆಯ ಸಂಪಾದಕರು ನೋಡಿದ್ದಾರೆ. ಪಾದ್ರಿಯವರು ನೋಡಿದ್ದಾರೆ. ಕಿರಾಣಿ ಅಂಗಡಿಯಲ್ಲಿ “ಮಗೂನ ಎತ್ಕೊಂಡು ಹೋಗ್ತಾರಂತೆ, ಹೌದೇನೇ?” ಎಂದು ಹಣ್ಣು ಮುಟ್ಟಿ ನೋಡುವಂತೆ ನನ್ನನ್ನು ಮುಟ್ಟಿ ಕೇಳಿದ ಹೆಂಗಸರಿಗೂ ತೋರಿಸಿದ್ದೇನೆ. ನೋಡದೆ ಉಳಿದವರು ನೀವೊಬ್ಬರೇ. ಮೂರು ಸಲ ನಿಮ್ಮ ಕಚೇರಿಯ ಬೆಂಚಿನಲ್ಲಿ ಮಗುವಿನೊಂದಿಗೆ ಕೂತೆ. ಮೂರು ಸಲವೂ ನೀವು ಹಿಂಬಾಗಿಲಿನಿಂದ ಊಟಕ್ಕೆ ಹೋದಿರಿ.

ನನಗೆ ನಿಮ್ಮ ಕ್ಷಮಾಪಣೆ ಬೇಡ. ಸೌಮ್ಯವಾಗಿ ಬರೆಯಲು ಪ್ರಯತ್ನಿಸಿದೆ, ಆಗಲಿಲ್ಲ. ನನ್ನ ಮಗಳಿಗೆ ‘ಅಜಾಗರೂಕಳ ಮಗಳು’ ಎಂಬ ಹೆಸರು ಕೊಡಲು ಹೊರಟ ಕುರ್ಚಿಯಲ್ಲಿ ನೀವು ನೆಮ್ಮದಿಯಿಂದ ಕೂರಬಾರದು ಎಂಬುದೇ ನನ್ನ ಆಸೆ. ಮುಂದಿನ ಚುನಾವಣೆಯಲ್ಲಿ ನಿಮ್ಮ ಪ್ರತಿ ಸಭೆಗೂ ಆ ಶೀಶೆಯೊಂದಿಗೆ ಬರುತ್ತೇನೆ, ಮೊದಲ ಸಾಲಿನಲ್ಲಿ ಕೂರುತ್ತೇನೆ. ಹೇಗೂ ನಿದ್ದೆಯಿಲ್ಲ, ಸಮಯ ಬೇಕಾದಷ್ಟಿದೆ.

ಈಗ ನನ್ನ ಬೇಡಿಕೆ. ಹೋದ ಚುನಾವಣೆಯ ಫಲಕದಲ್ಲಿ ನೀವು ನಿಮ್ಮ ಮೊಮ್ಮಗಳನ್ನು ಎತ್ತಿಕೊಂಡು ನಿಂತಿದ್ದಿರಿ. ಮುದ್ದಾದ ಮಗು. ಶುಕ್ರವಾರದೊಳಗೆ ಆ ಮೂವತ್ತೊಂದನೇ ಸಾಮಾನನ್ನು ಹಸಿರು ಚೀಟಿಯ ಸಮೇತ ನಿಮ್ಮ ಮನೆಗೆ ಒಯ್ಯಿರಿ. ಅವಳು ಮಲಗುವ ಕೋಣೆಯ ಗೋಡೆಯ ಈಚೆ ನಿಲ್ಲಿ. ‘ಪರಿಶೀಲಿಸಲಾಗಿದೆ. ಖಾಲಿ.’ ಎಂಬುದನ್ನು ಗಟ್ಟಿಯಾಗಿ ಓದಿ.

ಕುದುರೆ ಒತ್ತಬೇಡಿ. ನಿಮಗೆ ಏನೆಲ್ಲ ಕೇಡು ಬಯಸಿದರೂ ಆ ಮಗುವಿಗೆ ನಾನು ಅದನ್ನು ಬಯಸಲಾರೆ. ನೀವೂ ಒತ್ತುವುದಿಲ್ಲ, ನನಗೆ ಗೊತ್ತು. ಏಕೆ ಒತ್ತಲಿಲ್ಲ ಎಂಬುದನ್ನು ಮಾತ್ರ ಒಂದೇ ಸಾಲಿನಲ್ಲಿ ಬರೆಯಿರಿ. ಬರೆದು, ನಿಮ್ಮ ವರದಿಯ ಮೂರನೇ ಸಾಲನ್ನು ಹೊಡೆದುಹಾಕಿ, ಅದೇ ಜಾಗದಲ್ಲಿ ಸಹಿ ಹಾಕಿ ಇದನ್ನು ಸೇರಿಸಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಮಕ್ಕಳ ರಕ್ಷಣಾ ಕಚೇರಿಯವರು ಓದಬೇಕಾದದ್ದು ಆ ಸಾಲು.

ಇಂತಿ,
ಚೀಟಿ ಓದಿ ನಂಬಿದ ಕಾಲೇಜು ಹುಡುಗಿ, ಸೋಮವಾರದವರೆಗಂತೂ ಓಪಲ್‌ಳ ತಾಯಿ,
ರೇಲಿನ್ ಕೋಂಬ್ಸ್